ಕಾಲು ಮಿಲಿಮೀಟರಿನ ಹೆಮ್ಮೆ

1999ರ ಫೆಬ್ರವರಿಯಲ್ಲಿ ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಎದುರು ಜಾವಗಲ್ ಶ್ರೀನಾಥ್ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ಕಿತ್ತರು. ಆ ಪಂದ್ಯವನ್ನು ಭಾರತ 46 ರನ್ನುಗಳಿಂದ ಸೋತಿತು. ಸೋತ ಪಂದ್ಯ ಅಂತ ಹಾಸನ ಜಿಲ್ಲೆಯವರು ಅದನ್ನು ಮರೆತರೇನು? ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹೆಸರನ್ನು ಜಗತ್ತಿನ ಸ್ಕೋರ್‌ಬೋರ್ಡುಗಳ ಮೇಲೆ ಏರಿಸಿದ ಆ ಬೌಲರ್ ಆವತ್ತು ಎಂಥ ಚೆಂಡು ಹಾಕಿದ ಅನ್ನುವುದನ್ನು ಬಲ್ಲ ಹಿರಿಯರು ನಮ್ಮೂರುಗಳಲ್ಲಿ ಈಗಲೂ ಇದ್ದಾರೆ. ಚೆಂಡು ಒಳಗೆ ನುಗ್ಗುವುದು ಅಂದರೇನು, ಹಳೆಯ ಚೆಂಡಿನಲ್ಲಿ ವೇಗದ ಬೌಲರ್‌ಗೆ ವಿಕೆಟ್ ಬೀಳಿಸುವುದು ಎಷ್ಟು ಕಷ್ಟ ಅನ್ನುವುದು ನಮಗೆ ಗೊತ್ತು. ಗೊತ್ತಿರುವುದರಿಂದಲೇ ತಂಡ ಸೋತಾಗಲೂ ಆಟಗಾರನ ಬಗ್ಗೆ ಹೆಮ್ಮೆಪಡುವುದು ನಮಗೆ ಸಾಧ್ಯವಾಯಿತು.

ಇನ್ನೊಬ್ಬ ಕನ್ನಡಿಗನ ವಿಷಯಕ್ಕೆ ಬರುತ್ತೇನೆ. 2014ರ ಜುಲೈನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಆಸ್ಟ್ರೇಲಿಯದ ಡೇನಿಯಲ್ ರೆಪಚೋಲಿ 199.5, ಪ್ರಕಾಶ್ 198.2. ಮೂರನೆಯವರಾದ ಇಂಗ್ಲೆಂಡಿನ ಮೈಕೆಲ್ ಗಾಲ್ಟ್‌ಗೆ ಅದು ಕಾಮನ್‌ವೆಲ್ತ್ ಕೂಟಗಳಲ್ಲಿ 18ನೆಯ ಪದಕ. ಅಂಥ ಹಳೆಯ ಹುಲಿಯನ್ನು ಹಿಂದೆ ಹಾಕಿ ನಮ್ಮ ರಾಜ್ಯದವನೊಬ್ಬ ವೇದಿಕೆ ಹತ್ತಿದ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳಲ್ಲಿ ಇವತ್ತು ಆ ಹೆಸರು ಹೇಳಿ ನೋಡಿ. ಕ್ರೀಡಾಪುಟ ತಪ್ಪದೆ ಓದುವವರೂ ಒಂದು ಕ್ಷಣ ಯೋಚಿಸುತ್ತಾರೆ. ಇದಕ್ಕೆ ಜನರನ್ನು ದೂರುವುದು ನ್ಯಾಯವಲ್ಲ. ಆಟವೇ ತಿಳಿಯದಿದ್ದರೆ ಆಟಗಾರ ನೆನಪಿನಲ್ಲಿ ನಿಲ್ಲುವುದಾದರೂ ಹೇಗೆ? ಹಾಗಾಗಿ ಈ ವಾರ ಆ ಆಟವನ್ನೇ ಸ್ವಲ್ಪ ಬಿಡಿಸಿ ಹೇಳೋಣ ಎಂದುಕೊಂಡಿದ್ದೇನೆ.

ಕೋವಿ ನಮಗೆ ಹೊಸದಲ್ಲ. ಅರಕಲಗೂಡಿನಿಂದ ಕೊಣನೂರು, ರಾಮನಾಥಪುರದ ಕಡೆ ಹೋಗಿ ಗಡಿ ದಾಟಿದರೆ ಕೊಡಗು. ಅಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯಕ್ಕೆ ನಮ್ಮ ಕಡೆಯವರೂ ಹೋಗಿ ನಿಂತು ನೋಡುತ್ತಾರೆ. ಹಂದಿ, ಆನೆಗಳ ಕಾಟವಿರುವ ಹಳ್ಳಿಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಗಳಿವೆ. ಚುನಾವಣೆ ಬಂತೆಂದರೆ ಅವನ್ನು ಠಾಣೆಗೆ ಒಪ್ಪಿಸಿ ಬರಬೇಕು. ಬೂಕನಬೆಟ್ಟದ ಜಾತ್ರೆಗೋ ರಾಮನಾಥಪುರದ ಜಾತ್ರೆಗೋ ಹೋದ ಮಕ್ಕಳಿಗೆ ಬಲೂನಿಗೆ ಗುರಿಯಿಡುವ ಅಂಗಡಿ ಗೊತ್ತು. ಆದರೆ ಇವುಗಳಲ್ಲಿ ಯಾವುದೂ ಪ್ರಕಾಶ್ ನಂಜಪ್ಪ ಮಾಡಿದ ಕೆಲಸಕ್ಕೆ ಹತ್ತಿರವಿಲ್ಲ. ಕಾಯಿಗೆ, ಬಲೂನಿಗೆ ಒಂದೇ ಒಂದು ಗುಂಡು ತಾಗಿದರೆ ಗೆಲುವು. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅದೇ ಗುಂಡನ್ನು ಅದೇ ಜಾಗಕ್ಕೆ 60 ಸಲ ಹೊಡೆಯಬೇಕು.

ಏರ್ ಪಿಸ್ತೂಲಿನ ಗುರಿಹಲಗೆ ನಿಂತ ಜಾಗದಿಂದ 10 ಮೀಟರ್ ದೂರ. ಅದರ ನಟ್ಟನಡುವೆ ಹತ್ತು ಅಂಕದ ವೃತ್ತ; ಅಡ್ಡಳತೆ 11.5 ಮಿಲಿಮೀಟರ್. ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಇನ್ನೊಂದು ಕೈಯ ಆಸರೆಯಿಲ್ಲ, ಮಣಿಕಟ್ಟಿಗೆ ಪಟ್ಟಿಯಿಲ್ಲ, ಒರಗಲು ಏನೂ ಇಲ್ಲ. ಹೊಡೆಯುವುದು ನಾಲ್ಕೂವರೆ ಮಿಲಿಮೀಟರಿನ ಸೀಸದ ಪೆಲೆಟ್, ತೂಕ ಅರ್ಧ ಗ್ರಾಮಿನ ಆಸುಪಾಸು. ಪುರುಷರಿಗೂ ಮಹಿಳೆಯರಿಗೂ 60 ಗುಂಡು, ಒಂದೂಕಾಲು ಗಂಟೆ. ಏರ್ ರೈಫಲ್ಲಿನಲ್ಲಿ ದೂರ ಅಷ್ಟೇ, ಆದರೆ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ರಾಗಿಕಾಳಿಗಿಂತಲೂ ಸಣ್ಣದು. ಅರ್ಹತಾ ಸುತ್ತಿನಲ್ಲಿ ಮೊದಲ ಎಂಟರೊಳಗೆ ಬಂದವರು ಫೈನಲ್‌ಗೆ ಹೋಗುತ್ತಾರೆ. ಅಲ್ಲಿ ಪ್ರತಿ ಗುಂಡಿಗೂ ದಶಮಾಂಶದ ಲೆಕ್ಕ. ಹತ್ತರ ಒಳಗೇ ಮತ್ತೆ 10.0ರಿಂದ 10.9ರವರೆಗೆ ಮೆಟ್ಟಿಲುಗಳಿವೆ. ಹಿಂದೆ ಬಿದ್ದವರು ಒಬ್ಬೊಬ್ಬರಾಗಿ ಹೊರಹೋಗುತ್ತಾ ಕಡೆಗೆ ಇಬ್ಬರೇ ಉಳಿಯುತ್ತಾರೆ.

ಇಷ್ಟು ಕೇಳಿದ ಮೇಲೆ, ಕೈ ನಡುಗದಿದ್ದರಾಯಿತು ಅನ್ನಿಸಬಹುದು. ನಡುಗದ ಕೈ ಎಂಬುದು ಯಾರಿಗೂ ಇಲ್ಲ. ಚಾಚಿ ಹಿಡಿದ ತೋಳಿನಲ್ಲಿ ಎದೆಬಡಿತ ಬೆರಳತುದಿಯವರೆಗೂ ಬರುತ್ತದೆ, ಉಸಿರಾಟಕ್ಕೆ ಭುಜ ಏರಿ ಇಳಿಯುತ್ತದೆ. ಗುರಿಕಾರರು ಆ ಅಲುಗಾಟವನ್ನು ನಿಲ್ಲಿಸಲು ಹೋಗುವುದಿಲ್ಲ. ಅದನ್ನು ಸಣ್ಣದು ಮಾಡುತ್ತಾರೆ, ಅದರ ಲಯ ಹಿಡಿಯುತ್ತಾರೆ. ಉಸಿರನ್ನು ಅರ್ಧ ಬಿಟ್ಟು ತಡೆದು, ಕೆಲವೇ ಸೆಕೆಂಡುಗಳ ಆ ನಿಶ್ಚಲತೆಯಲ್ಲಿ ಟ್ರಿಗರಿನ ಮೇಲೆ ಒತ್ತಡವನ್ನು ಹೆಚ್ಚಿಸುತ್ತಾ ಹೋಗುತ್ತಾರೆ. ಗುಂಡು ಹಾರಿದ್ದು ಹೊಡೆದವರಿಗೇ ತುಸು ಅನಿರೀಕ್ಷಿತ ಎನ್ನಿಸಿದರೆ ಅದು ಒಳ್ಳೆಯ ಗುಂಡು. ಈಗ ಹಾರಿಸುತ್ತೇನೆ ಎಂದು ಮನಸ್ಸು ನಿರ್ಧರಿಸಿತೋ, ಮಣಿಕಟ್ಟು ಮೊದಲೇ ಬಿಗಿಯಾಗಿ ಗುಂಡು ಪಕ್ಕಕ್ಕೆ ಹೋಗುತ್ತದೆ.

ನೋಟದ ವಿಷಯ ಇನ್ನೂ ವಿಚಿತ್ರ. ಪಿಸ್ತೂಲ್ ಹಿಡಿದವರು ಗುರಿಹಲಗೆಯನ್ನು ಸ್ಪಷ್ಟವಾಗಿ ನೋಡುವುದೇ ಇಲ್ಲ. ಕಣ್ಣು ನಿಲ್ಲುವುದು ಕೊಳವೆಯ ತುದಿಯ ಸೈಟ್ ಮೇಲೆ. ಆಚೆಗಿನ ಕಪ್ಪು ವೃತ್ತ ಮಸುಕಾಗಿಯೇ ಇರುತ್ತದೆ, ಇರಬೇಕು. ಏಕೆಂದು ಲೆಕ್ಕ ಹಾಕಿ ನೋಡಬಹುದು. ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಿನ ಅಂತರ ಸುಮಾರು 35 ಸೆಂಟಿಮೀಟರ್. ಇವೆರಡರ ಹೊಂದಿಕೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ 10 ಮೀಟರ್ ಆಚೆ ಅದು ಸುಮಾರು 28 ಮಿಲಿಮೀಟರ್ ಆಗಿ ಬೆಳೆದಿರುತ್ತದೆ. ಹತ್ತು ಬೀಳಬೇಕಾದ ಕಡೆ ಏಳು ಬೀಳುತ್ತದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಒಂದೇ ಒಂದು ಏಳು ಬಿದ್ದರೂ ಫೈನಲ್ ಕೈತಪ್ಪಬಹುದು. ದೂರದ ಗುರಿಯನ್ನು ಮಸುಕಾಗಲು ಬಿಟ್ಟು ಕೈಯಲ್ಲಿರುವುದನ್ನು ನೋಡು ಎಂದರೆ ಮನಸ್ಸು ಒಪ್ಪುವುದಿಲ್ಲ. ಅದನ್ನು ಒಪ್ಪಿಸುವುದಕ್ಕೇ ವರ್ಷಗಟ್ಟಲೆ ಅಭ್ಯಾಸ ಬೇಕು.

ಪ್ರಕಾಶ್‌ಗೆ ಈ ವಿದ್ಯೆ ಮನೆಯಲ್ಲೇ ಇತ್ತು. ತಂದೆ ಪಾಪಣ್ಣ ಅವರು ರಾಷ್ಟ್ರಮಟ್ಟದ ಶೂಟರ್. ಮಗ ಓದಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿ ಕೆನಡಾಕ್ಕೆ ಹೋದರು. ನಮ್ಮ ಮನೆಗಳಲ್ಲಾದರೆ ಕಥೆ ಅಲ್ಲಿಗೆ ಸುಖಾಂತ್ಯ: ಮಗ ಹೊರದೇಶದಲ್ಲಿದ್ದಾನೆ, ಇನ್ನೇನು ಬೇಕು. ಪಾಪಣ್ಣನವರಿಗೆ ಅದು ಸಾಲಲಿಲ್ಲ. ಮಗ ಮರಳಿ ಬಂದು ಪಿಸ್ತೂಲ್ ಹಿಡಿಯಬೇಕೆಂದು ಅವರು ಹಠ ಹಿಡಿದರು. 2009ರಲ್ಲಿ ಪ್ರಕಾಶ್ ಕೆಲಸ ಬಿಟ್ಟು ಬಂದರು. ಆಗ ವಯಸ್ಸು ಮೂವತ್ತು ದಾಟಿತ್ತು. ಬೇರೆ ಆಟಗಳಲ್ಲಿ ಅದು ನಿವೃತ್ತಿಯ ಮಾತು ಕೇಳಿಬರುವ ಕಾಲ. ಒಬ್ಬ ತಂದೆ ಸಂಬಳಕ್ಕಿಂತ ಆಟ ದೊಡ್ಡದೆಂದು ನಂಬಿದ್ದು, ಮಗ ಆ ನಂಬಿಕೆಯ ಮೇಲೆ ಬದುಕು ಹೂಡಿದ್ದು, ಎರಡೂ ನನಗೆ ಪದಕಕ್ಕಿಂತ ಕಡಿಮೆ ಅನ್ನಿಸುವುದಿಲ್ಲ.

ನಾಲ್ಕೇ ವರ್ಷದಲ್ಲಿ ಫಲ ಬಂತು. 2013ರಲ್ಲಿ ದಕ್ಷಿಣ ಕೊರಿಯದ ಚಾಂಗ್ವಾನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚು. ಅದೇ ವರ್ಷ ಸ್ಪೇನಿನ ಗ್ರನಾಡಾದಲ್ಲಿ ಇನ್ನೊಂದು ವಿಶ್ವಕಪ್‌ಗೆ ಹೋಗಿದ್ದಾಗ ಬೆಲ್ಸ್ ಪಾಲ್ಸಿ ಬಡಿಯಿತು. ಮುಖದ ಒಂದು ಪಾರ್ಶ್ವದ ನರ ಕೆಲಸ ನಿಲ್ಲಿಸುವ ಕಾಯಿಲೆ ಅದು. ಬಾಯಿ ಒಂದು ಕಡೆಗೆ ವಾಲುತ್ತದೆ. ಆ ಬದಿಯ ಕಣ್ಣಿನ ರೆಪ್ಪೆ ಸರಿಯಾಗಿ ಮುಚ್ಚುವುದಿಲ್ಲ, ಕಣ್ಣು ಒಣಗುತ್ತದೆ, ಇಲ್ಲವೇ ನೀರು ಸುರಿಯುತ್ತದೆ. ಓಟಗಾರನಿಗೋ ಕುಸ್ತಿಪಟುವಿಗೋ ಬಂದಿದ್ದರೆ ಅದು ನೋವಿನ ವಿಷಯ ಅಷ್ಟೇ. ಕೊಳವೆಯ ತುದಿಯ ಒಂದು ಅಂಚನ್ನು ನೋಡಿ ಬದುಕುವ ಮನುಷ್ಯನಿಗೆ ಅದು ವೃತ್ತಿಯೇ ಮುಗಿದಂತೆ. ಪ್ರಕಾಶ್ ಮುಗಿಯಲು ಬಿಡಲಿಲ್ಲ. ಗುಣವಾಗಿ ರೇಂಜಿಗೆ ಮರಳಿದರು. ಗ್ಲಾಸ್ಗೊದ ಬೆಳ್ಳಿ ಬಂದದ್ದು ಆಮೇಲೆ, ಮುಂದಿನ ವರ್ಷವೇ. ಅರ್ಹತಾ ಸುತ್ತಿನಲ್ಲಿ 580 ಅಂಕದೊಂದಿಗೆ ಎಲ್ಲರಿಗಿಂತ ಮೇಲಿದ್ದವರೂ ಅವರೇ. ಅದೇ ಸೆಪ್ಟೆಂಬರಿನಲ್ಲಿ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಜಿತು ರಾಯ್, ಸಮರೇಶ್ ಜಂಗ್ ಜೊತೆಗೂಡಿ ತಂಡದ ಕಂಚು.

2016ರ ರಿಯೊ ಒಲಿಂಪಿಕ್ಸ್‌ಗೆ ಅವರು ಹೋದದ್ದು 50 ಮೀಟರ್ ಪಿಸ್ತೂಲಿಗೆ. ಆಗ ನಲವತ್ತರ ವಯಸ್ಸು. ಆ ಸ್ಪರ್ಧೆ ಪಿಸ್ತೂಲ್ ಆಟಗಳಲ್ಲೇ ಅತ್ಯಂತ ಕಠಿಣವೆಂದು ಬಲ್ಲವರು ಹೇಳುತ್ತಿದ್ದರು. ಅದೇ ಒಂದು ಕೈಯ ಹಿಡಿತ, ಆದರೆ ದೂರ ಐದು ಪಟ್ಟು. ಬಯಲಿನ ಗಾಳಿ, ಬಿಸಿಲು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪ್ರಕಾಶ್ 547 ಅಂಕ ಗಳಿಸಿ 25ನೆಯವರಾದರು. ಜಿತು ರಾಯ್ 554ರೊಂದಿಗೆ 12ನೆಯವರು. ಮರುದಿನದ ಪತ್ರಿಕೆಗಳಲ್ಲಿ ‘ನಿರಾಸೆ’ ಎಂಬ ಒಂದೇ ಪದದಲ್ಲಿ ಇದು ಮುಗಿಯಿತು. ಅದೇ ದಿನ ಚಿನ್ನ ಗೆದ್ದ ಕೊರಿಯದ ಜಿನ್ ಜಾಂಗ್ ಓ ಏನು ಮಾಡಿದರು ನೋಡಿ. ಜಗತ್ತಿನ ಅತಿ ದೊಡ್ಡ ಪಿಸ್ತೂಲ್ ಶೂಟರ್ ಎನಿಸಿಕೊಂಡ ಆತ ಫೈನಲ್‌ನ ನಡುವೆ 6.6 ಹೊಡೆದರು. ಬಿದ್ದೇಹೋದರು ಎಂದುಕೊಳ್ಳುವಷ್ಟರಲ್ಲಿ ಒಂದೊಂದೇ ಗುಂಡಿನಿಂದ ಮೇಲೆದ್ದು ಸತತ ಮೂರನೆಯ ಒಲಿಂಪಿಕ್ಸ್‌ನಲ್ಲಿ ಅದೇ ಸ್ಪರ್ಧೆಯ ಚಿನ್ನ ಗೆದ್ದರು. ಅಂಥವರ ಕೈಯೂ ಜಾರುವ ಕಣದಲ್ಲಿ 25ನೆಯ ಸ್ಥಾನವನ್ನು ಸೋಲೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅದಾದ ಮೇಲೆ 50 ಮೀಟರ್ ಪಿಸ್ತೂಲನ್ನೇ ಒಲಿಂಪಿಕ್ಸ್‌ನಿಂದ ತೆಗೆದರು. ಪುರುಷರಿಗಷ್ಟೇ ಇದ್ದ ಮೂರು ಸ್ಪರ್ಧೆಗಳ ಜಾಗಕ್ಕೆ ಟೋಕಿಯೊದಿಂದ ಮಿಶ್ರ ತಂಡಗಳ ಸ್ಪರ್ಧೆ ಬಂತು. ಹೆಣ್ಣುಮಕ್ಕಳಿಗೆ ಸಮಪಾಲು ಸಿಗುವ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ, ನಾನು ಒಪ್ಪುತ್ತೇನೆ. ಆದರೆ ಒಬ್ಬ ಮನುಷ್ಯ ಜೀವಮಾನದಲ್ಲಿ ಕಲಿತ ವಿದ್ಯೆಗೆ ಮುಂದಿನ ಒಲಿಂಪಿಕ್ಸ್‌ನಲ್ಲಿ ಕಣವೇ ಇಲ್ಲದಂತಾಯಿತು ಎಂಬುದೂ ನಿಜ.

ಆ ಬದಲಾವಣೆಯ ಫಲವನ್ನು ಇನ್ನೊಬ್ಬ ಕನ್ನಡತಿ ಉಂಡರು. ಬೆಂಗಳೂರಿನ ದಿವ್ಯಾ ಟಿ.ಎಸ್. 2023ರ ಮೇ ತಿಂಗಳಲ್ಲಿ ಅಜರ್‌ಬೈಜಾನಿನ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಸೇರಿ ಮಿಶ್ರ ತಂಡದ ಏರ್ ಪಿಸ್ತೂಲ್ ಚಿನ್ನ ಗೆದ್ದರು. ಫೈನಲ್‌ನಲ್ಲಿ ಸರ್ಬಿಯದ ಎದುರು 16-14. ನಾಲ್ಕು ತಿಂಗಳ ನಂತರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಅದೇ ಜೋಡಿ ಚೀನಾ ಎದುರು 14-16ರಿಂದ ಬೆಳ್ಳಿಗೆ ನಿಂತಿತು. ಆಗಿನ ನಿಯಮದಂತೆ ಮಿಶ್ರ ತಂಡದ ಫೈನಲ್‌ನಲ್ಲಿ ಪ್ರತಿ ಸುತ್ತಿಗೂ ಇಬ್ಬರೂ ಒಂದೊಂದು ಗುಂಡು ಹೊಡೆಯಬೇಕಿತ್ತು, ಇಬ್ಬರ ಮೊತ್ತ ಹೆಚ್ಚಿದ್ದವರಿಗೆ ಎರಡು ಅಂಕ, ಮೊದಲು 16 ಮುಟ್ಟಿದವರು ಗೆದ್ದಂತೆ. ಅಂದರೆ ಆ ಚಿನ್ನಕ್ಕೂ ಈ ಬೆಳ್ಳಿಗೂ ಇದ್ದದ್ದು ಒಂದು ಸುತ್ತಿನ ಅಂಕದ ವ್ಯತ್ಯಾಸ. ಅದೇ ಕೂಟದಲ್ಲಿ ಈಶಾ ಸಿಂಗ್, ಪಲಕ್ ಜೊತೆ ಮಹಿಳಾ ತಂಡದ ಬೆಳ್ಳಿಯೂ ದಿವ್ಯಾಗೆ ಬಂತು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಪಕ್ಕದಲ್ಲಿ ನಿಂತು ಕಂಚು ಗೆದ್ದ ಸರಬ್ಜೋತ್‌ನನ್ನು ದೇಶವೇ ನೋಡಿತು. ಹಿಂದಿನ ವರ್ಷ ಆತನ ಜೊತೆ ಏಷ್ಯನ್ ಬೆಳ್ಳಿ ಹಂಚಿಕೊಂಡವರು ಕರ್ನಾಟಕದವರು ಎಂದು ನಮ್ಮಲ್ಲಿ ಎಷ್ಟು ಜನ ನೆನೆದೆವು?

ತಿಲೋತ್ತಮಾ ಸೆನ್ ಅವರ ಕಥೆಯನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ರಾಷ್ಟ್ರದ ಹೆಮ್ಮೆ ಎಂಬ ಮಾತಿನ ಒಳಗಿನ ಗಂಟು ಅಲ್ಲಿದೆ. ಕರ್ನಾಟಕದ ಪರವಾಗಿ ಆಡುವ ಈ ಬೆಂಗಳೂರಿನ ಹುಡುಗಿ 2023ರ ಫೆಬ್ರವರಿಯಲ್ಲಿ ಕೈರೊ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ರೈಫಲ್ಲಿನ ಕಂಚು ಗೆದ್ದಾಗ ಇನ್ನೂ ಶಾಲೆಯಲ್ಲಿದ್ದರು. ಅದೇ ಅಕ್ಟೋಬರಿನಲ್ಲಿ ಚಾಂಗ್ವಾನ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ 24 ಗುಂಡುಗಳ ಕೊನೆಗೆ ಕೊರಿಯದ ಕ್ವಾನ್ ಉನ್‌ಜಿ 252.4, ತಿಲೋತ್ತಮಾ 252.3. ರೈಫಲ್ಲಿನ ಗುರಿಹಲಗೆಯಲ್ಲಿ ದಶಮಾಂಶ ಒಂದು ಅಂದರೆ ಕಾಲು ಮಿಲಿಮೀಟರ್. 24 ಗುಂಡುಗಳಲ್ಲಿ ಯಾವುದಾದರೂ ಒಂದು ಕಾಲು ಮಿಲಿಮೀಟರಿನಷ್ಟು ಒಳಗೆ ಸರಿದಿದ್ದರೆ ಇಬ್ಬರೂ ಸಮ.

ಆ ಬೆಳ್ಳಿಯ ಜೊತೆ ಪ್ಯಾರಿಸ್ ಒಲಿಂಪಿಕ್ಸ್‌ಗೆ ಒಂದು ಕೋಟಾ ಬಂತು. ಆದರೆ ಶೂಟಿಂಗ್‌ನಲ್ಲಿ ಹೀಗೆ ಗೆದ್ದ ಕೋಟಾ ಸೇರುವುದು ದೇಶಕ್ಕೆ, ಗೆದ್ದವರಿಗಲ್ಲ. ಒಲಿಂಪಿಕ್ಸ್‌ಗೆ ಯಾರು ಹೋಗಬೇಕೆಂದು ರಾಷ್ಟ್ರೀಯ ರೈಫಲ್ ಸಂಸ್ಥೆ ಟ್ರಯಲ್ಸ್ ನಡೆಸಿ ತೀರ್ಮಾನಿಸುತ್ತದೆ. 2024ರ ಬೇಸಿಗೆಯಲ್ಲಿ ದೆಹಲಿ, ಭೋಪಾಲ್‌ಗಳಲ್ಲಿ ನಡೆದ ಟ್ರಯಲ್ಸ್‌ನಲ್ಲಿ ರಮಿತಾ ಜಿಂದಾಲ್, ಇಳವೆನಿಲ್ ವಾಳರಿವನ್ ಮೇಲುಗೈ ಪಡೆದರು. ಅವರೇ ಪ್ಯಾರಿಸ್‌ಗೆ ಹೋದರು. ರಮಿತಾ ಅಲ್ಲಿ ಫೈನಲ್ ತಲುಪಿ ಏಳನೆಯವರಾದರು. ನಿಯಮದಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ. ಒಲಿಂಪಿಕ್ಸ್ ಹೊತ್ತಿಗೆ ಯಾರ ಕೈ ಚೆನ್ನಾಗಿದೆಯೋ ಅವರು ಹೋಗುವುದೇ ದೇಶಕ್ಕೆ ಒಳ್ಳೆಯದು. ಆದರೂ, ರಮಿತಾ ಫೈನಲ್‌ನಲ್ಲಿ ನಿಂತಿದ್ದಾಗ ನಾವು ಪಟ್ಟ ಹೆಮ್ಮೆಯಲ್ಲಿ ಒಂದು ಪಾಲು ಆ ಬೆಂಗಳೂರು ಹುಡುಗಿಗೆ ಸಲ್ಲಬೇಕಿತ್ತು. ಪದಕಪಟ್ಟಿ ಆ ಪಾಲನ್ನು ತೋರಿಸುವುದಿಲ್ಲ. ಆಟ ಬಲ್ಲ ಜನರೇ ಅದನ್ನು ಸಲ್ಲಿಸಬೇಕು.

ಬೀಜಿಂಗ್‌ನಲ್ಲಿ 2008ರ ಆಗಸ್ಟ್ 11ರಂದು ಅಭಿನವ್ ಬಿಂದ್ರಾ ಕೊನೆಯ ಗುಂಡಿನಲ್ಲಿ 10.8 ಹೊಡೆದು ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದ ದಿನ ಎಲ್ಲರಿಗೂ ನೆನಪಿದೆ. ಪ್ಯಾರಿಸ್‌ನ ಮೂರು ಕಂಚುಗಳೂ ನೆನಪಿವೆ. ಅವುಗಳ ನಡುವೆ ರಿಯೊ, ಟೋಕಿಯೊ ಎರಡರಲ್ಲೂ ಶೂಟಿಂಗ್‌ನಲ್ಲಿ ಭಾರತಕ್ಕೆ ಒಂದೂ ಪದಕ ಬರಲಿಲ್ಲ. ಆ ಬರದ ವರ್ಷಗಳಲ್ಲೂ ಮಕ್ಕಳು ಬೆಳಗ್ಗೆ ಪೆಲೆಟ್ ಡಬ್ಬಿ ಹಿಡಿದು ರೇಂಜುಗಳಿಗೆ ಹೋಗುತ್ತಲೇ ಇದ್ದರು.

ಪ್ಯಾರಿಸ್‌ನ ಮೂವರಲ್ಲಿ ನಮಗೆ ಹತ್ತಿರದವರು ಸ್ವಪ್ನಿಲ್ ಕುಸಾಳೆ. ಬೆಳಗಾವಿ ಗಡಿಗೆ ತಾಗಿಕೊಂಡ ಕೊಲ್ಲಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯ ಹುಡುಗ, ರೈಲ್ವೆ ನೌಕರ. ಅವರು ಹಳ್ಳಿಯಿಂದ ಒಲಿಂಪಿಕ್ಸ್ ವೇದಿಕೆಗೆ ಒಬ್ಬರೇ ನಡೆದು ಹೋಗಲಿಲ್ಲ. ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿ ಎಂಬ ಯೋಜನೆ ಹಳ್ಳಿಯ ಮಕ್ಕಳನ್ನು ಚಿಕ್ಕಂದಿನಲ್ಲೇ ಆರಿಸಿ, ವಸತಿ ಕೊಟ್ಟು, ತರಬೇತಿ ಕೊಡುತ್ತದೆ. ಅವರಿಗೆ ಶೂಟಿಂಗ್ ಸಿಕ್ಕಿದ್ದು ಅಲ್ಲಿ. ನಮ್ಮ ರಾಜ್ಯದ ಹೆಸರುಗಳನ್ನು ಮತ್ತೆ ಓದಿ: ಪ್ರಕಾಶ್, ದಿವ್ಯಾ, ತಿಲೋತ್ತಮಾ. 2025ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಒಲಿಂಪಿಯನ್ನರ ನಡುವೆ ಏರ್ ಪಿಸ್ತೂಲ್ ಚಿನ್ನ ಗೆದ್ದ ಶಾಲಾ ಬಾಲಕ ಜೊನಾಥನ್ ಗ್ಯಾವಿನ್ ಆಂಟನಿ. ಎಲ್ಲರೂ ಬೆಂಗಳೂರಿನವರು. ಪ್ರತಿಭೆ ನೆಲಮಂಗಲ ದಾಟಿ ಬರುವುದಿಲ್ಲ ಎಂದು ನಾನು ನಂಬಲಾರೆ. ದಾಟಿ ಬಾರದಿರುವುದು ರೇಂಜು ಮತ್ತು ಕೋಚ್.

ಹಾಗೆ ನೋಡಿದರೆ ಒಂದು ತಾಲ್ಲೂಕು ಕೇಂದ್ರಕ್ಕೆ ಇದಕ್ಕಿಂತ ಹೊಂದುವ ಆಟ ಕಡಿಮೆ. ಮೈದಾನ ಬೇಡ, ಮಳೆಗಾಲದ ಭಯವಿಲ್ಲ. ಹೊಳೆನರಸೀಪುರದ್ದೋ ಚನ್ನರಾಯಪಟ್ಟಣದ್ದೋ ಯಾವ ಸಮುದಾಯ ಭವನದ ಊಟದ ಹಾಲ್ ಆದರೂ 10 ಮೀಟರಿಗಿಂತ ಉದ್ದವೇ ಇರುತ್ತದೆ. ಹಿಂದೆ ಗಟ್ಟಿ ಗೋಡೆ, ಪೆಲೆಟ್ ಹಿಡಿಯುವ ಪೆಟ್ಟಿಗೆ, ಸರಿಯಾದ ಬೆಳಕು, ಹೊಡೆಯುವ ಗೆರೆಯ ಮುಂದೆ ಯಾರೂ ಹೋಗದಂತೆ ಕಟ್ಟುನಿಟ್ಟಾಗಿ ನೋಡಿಕೊಳ್ಳುವ ಒಬ್ಬ ಬಲ್ಲ ಮನುಷ್ಯ, ಇಷ್ಟಿದ್ದರೆ ಕಲಿಕೆ ಶುರುವಾಗುತ್ತದೆ. ಕೋವಿ ಎಂದೊಡನೆ ಲೈಸೆನ್ಸಿನ ತಾಪತ್ರಯ ನೆನೆದು ಹಿಂಜರಿಯುವ ಪೋಷಕರಿದ್ದಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಾಲ್ಕೂವರೆ ಮಿಲಿಮೀಟರ್ ಅಳತೆ ಮತ್ತು 20 ಜೂಲ್ ಶಕ್ತಿ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಗೆ ಬಳಸುವುದು ಅಂಥದ್ದನ್ನೇ.

ದುಡ್ಡಿನ ಕಷ್ಟ ಮಾತ್ರ ದೊಡ್ಡದು, ಅದನ್ನು ಮುಚ್ಚಿಡಬಾರದು. ಸ್ಪರ್ಧೆಗೆ ಒಪ್ಪುವ ಜರ್ಮನಿ, ಇಟಲಿ, ಆಸ್ಟ್ರಿಯಾಗಳ ಒಂದು ಪಿಸ್ತೂಲ್ ಲಕ್ಷ ರೂಪಾಯಿ ದಾಟುತ್ತದೆ. ರೈಫಲ್ಲಿಗೆ ಅದರ ಜೊತೆ ದಪ್ಪ ಕ್ಯಾನ್ವಾಸಿನ ಜಾಕೆಟ್, ಪ್ಯಾಂಟು, ಬೂಟು ಬೇರೆ. ಆಲೂಗೆಡ್ಡೆಗೆ ಈ ವರ್ಷ ಬೆಲೆ ಸಿಗುತ್ತದೋ ಇಲ್ಲವೋ ಎಂದು ಕಾಯುವ ಮನೆಗೆ ಇದು ಆಗದ ಮಾತು. ಆದರೆ ಕಲಿಯುವ ಹಂತದಲ್ಲಿ ಮಗುವಿಗೆ ಸ್ವಂತ ಪಿಸ್ತೂಲ್ ಬೇಕಿಲ್ಲ. ಒಂದೇ ಪಿಸ್ತೂಲನ್ನು ಹತ್ತು ಮಕ್ಕಳು ಹಂಚಿಕೊಂಡು ಕಲಿಯಬಹುದು. ಊರಿನ ರೋಟರಿಯೋ, ಸಹಕಾರ ಬ್ಯಾಂಕೋ, ಹಳೆಯ ವಿದ್ಯಾರ್ಥಿಗಳ ಸಂಘವೋ ಎರಡು ಪಿಸ್ತೂಲ್ ಕೊಡಿಸಿದರೆ ಒಂದು ಪ್ರೌಢಶಾಲೆಗೆ ಸಾಕು. ಕ್ರಿಕೆಟ್ ಟೂರ್ನಿಯ ಫ್ಲಡ್‌ಲೈಟಿಗೆ, ಟ್ರೋಫಿಗೆ ನಾವು ಸಂತೋಷದಿಂದ ಕೊಡುವ ಚಂದಾ ಇದಕ್ಕಿಂತ ಕಡಿಮೆಯಿರುವುದಿಲ್ಲ.

ಈಗಾಗಲೇ ತೆರೆದಿರುವ ಬಾಗಿಲೊಂದಿದೆ, ಎನ್‌ಸಿಸಿ. ನಮ್ಮ ಕಾಲೇಜುಗಳ ಕೆಡೆಟ್‌ಗಳು ಕ್ಯಾಂಪಿನಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದು ಮಲಗಿ ಗುಂಡು ಹೊಡೆಯುತ್ತಾರೆ. ಐದು ಗುಂಡುಗಳನ್ನು ಅಂಗೈಯಗಲದೊಳಗೆ ಕೂರಿಸಿದ ಹುಡುಗಿಯರಿಗೆ ಆವತ್ತು ಒಂದು ಚಪ್ಪಾಳೆ ಸಿಗುತ್ತದೆ. ಹೆಚ್ಚಿನವರಿಗೆ ಅಷ್ಟಕ್ಕೇ ಮುಗಿಯುತ್ತದೆ. ಮುಗಿಯಬೇಕಾಗಿಲ್ಲ. ಎನ್‌ಸಿಸಿಯೊಳಗೇ ಅಂತರ ನಿರ್ದೇಶನಾಲಯ ಶೂಟಿಂಗ್ ಸ್ಪರ್ಧೆಯಿದೆ. ಲೋಕಸಭೆಯ ಮೊದಲ ಸ್ಪೀಕರ್, 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆಯನ್ನು ಕಟ್ಟಿದ ಜಿ.ವಿ. ಮಾವಳಂಕರ್ ಅವರ ಹೆಸರಿನ ಅಖಿಲ ಭಾರತ ಸ್ಪರ್ಧೆಯಿದೆ. ಅಲ್ಲಿ ಅರ್ಹತೆಯ ಅಂಕ ಮುಟ್ಟಿದವರಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ದಾರಿ ತೆರೆಯುತ್ತದೆ. ನಿಮ್ಮ ಮನೆಯ ಕೆಡೆಟ್ ಕ್ಯಾಂಪಿನಿಂದ ಬಂದಾಗ ಊಟ ಹೇಗಿತ್ತು ಎಂದು ಕೇಳುವ ಜೊತೆಗೆ ಗುಂಡುಗಳು ಎಷ್ಟು ಹತ್ತಿರ ಬಿದ್ದವು ಎಂದೂ ಕೇಳಿ. ಹತ್ತಿರ ಬಿದ್ದಿದ್ದರೆ ಕಾಲೇಜಿನ ಎನ್‌ಸಿಸಿ ಅಧಿಕಾರಿಯನ್ನು ಭೇಟಿ ಮಾಡಿ ಮುಂದಿನ ಸ್ಪರ್ಧೆ ಯಾವಾಗ ಎಂದು ವಿಚಾರಿಸಿ, ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಗೆ ಒಂದು ಪತ್ರ ಬರೆದು ರಾಜ್ಯಮಟ್ಟದ ಸ್ಪರ್ಧೆಯ ದಿನಾಂಕ ಕೇಳಿ.